ಮಸಣದ ಮಾತು ಯಾರ ಬಾಯಲ್ಲಿ ಬರಬೇಕು

ಪ್ರೀತಿಯ ತಂಗೀ,

ನಿನ್ನ ನಾಟಕದ ಹಸ್ತಪ್ರತಿಯನ್ನು ಎರಡು ಸಲ ಓದಿದೆ. ಕೊನೆಯ ದೃಶ್ಯದಲ್ಲಿ ಐದು ಜನ ಸತ್ತರೂ ಓದಿದ ಗೆಳತಿಯರಲ್ಲಿ ಒಬ್ಬಳ ಕಣ್ಣೂ ಒದ್ದೆಯಾಗಲಿಲ್ಲ, ಇನ್ನು ಬರೆಯುವುದನ್ನೇ ಬಿಡುತ್ತೇನೆ ಎಂದು ಜೊತೆಯ ಪತ್ರದಲ್ಲಿ ಬರೆದಿರುವೆಯಲ್ಲ, ಆ ಮಾತು ನನ್ನನ್ನು ನೋಯಿಸಿತು. ಬಿಡಬೇಡ. ದೃಶ್ಯಗಳ ಉದ್ದ, ಪ್ರವೇಶ ನಿರ್ಗಮನಗಳ ಗೊಂದಲ ಇವನ್ನೆಲ್ಲ ತಾಲೀಮಿನಲ್ಲಿ ನಟರೇ ತಿದ್ದಿಕೊಡುತ್ತಾರೆ. ನಾನು ಹೇಳಬೇಕಾದದ್ದು ಸಾವಿನ ಪ್ರತಿಮೆಗಳನ್ನು ಕುರಿತು ಮಾತ್ರ.

ನಿನ್ನ ನಾಟಕದಲ್ಲಿ ಗೂಬೆ ಕೂಗುತ್ತದೆ, ಚಿತೆಯ ಹೊಗೆ ಏಳುತ್ತದೆ, ಕಾಗೆ ಪಿಂಡ ಮುಟ್ಟದೆ ಹಾರಿಹೋಗುತ್ತದೆ. ಇವೆಲ್ಲ ಹಿಂದಿನ ಪರದೆಯ ಮೇಲೆ ಬರೆದ ಚಿತ್ರಗಳಂತಿವೆಯೇ ಹೊರತು, ನಿನ್ನ ಪಾತ್ರಗಳಲ್ಲಿ ಯಾರ ನಾಲಗೆಗೂ ಬಂದಿಲ್ಲ, ಯಾರ ಬದುಕನ್ನೂ ತಟ್ಟಿಲ್ಲ.

1597ರಲ್ಲಿ ಮೊದಲ ಸಲ ಅಚ್ಚಾದ ಶೇಕ್ಸ್‌ಪಿಯರನ 'ರೋಮಿಯೋ ಅಂಡ್ ಜೂಲಿಯೆಟ್' ನಾಟಕವನ್ನು ಮತ್ತೊಮ್ಮೆ ತೆಗೆದು, ಪ್ರೇಮದ ಸಾಲುಗಳನ್ನು ಬಿಟ್ಟು ಗೋರಿಯ ಸಾಲುಗಳನ್ನಷ್ಟೇ ಹಿಡಿದು ಓದು. ಮೊದಲ ಅಂಕದ ಕೊನೆಯಲ್ಲಿ, ಇನ್ನೂ 14 ವರ್ಷ ತುಂಬದ ಜೂಲಿಯೆಟ್, ಆಗತಾನೇ ಕಂಡ ಹುಡುಗನ ಹೆಸರು ಕೇಳಿಕೊಂಡು ಬರಲು ದಾದಿಯನ್ನು ಕಳಿಸುತ್ತ, ಅವನಿಗೆ ಮದುವೆಯಾಗಿದ್ದರೆ ಗೋರಿಯೇ ನನ್ನ ಪ್ರಸ್ತದ ಹಾಸಿಗೆಯಾದೀತು ಎನ್ನುತ್ತಾಳೆ. ಹರೆಯದ ಹುಡುಗಿ ಹಾಗೇ ಆಡಿಬಿಡುವ ಮಾತು ಅದು. ನಾಂದಿಯಲ್ಲೇ ಇವರಿಬ್ಬರ ಸಾವಿನ ಸುದ್ದಿ ಕೇಳಿ ಕುಳಿತಿರುವ ಪ್ರೇಕ್ಷಕರಿಗೆ ಮಾತ್ರ ಮೈ ಜುಮ್ಮೆನ್ನುತ್ತದೆ. ಮೂರನೆಯ ಅಂಕದಲ್ಲಿ, ತಾವು ನೋಡಿದ ವರನನ್ನು ಒಲ್ಲೆನೆಂದ ಮಗಳ ಮೇಲೆ ಸಿಟ್ಟಿಗೆದ್ದ ತಾಯಿ, ಈ ಹುಚ್ಚಿ ಗೋರಿಯನ್ನೇ ಕಟ್ಟಿಕೊಳ್ಳಲಿ ಎನ್ನುತ್ತಾಳೆ. "ನಿನ್ನ ಹೆಣ ಎತ್ತ" ಎಂದು ಬೈದು ಮರುಗಳಿಗೆಯಲ್ಲೇ ಉಣ್ಣಲು ಕರೆಯುವ ನಮ್ಮ ತಾಯಂದಿರನ್ನು ನೀನು ಕೇಳಿಲ್ಲವೇ? ನಾಲ್ಕನೆಯ ಅಂಕದಲ್ಲಿ, ಔಷಧಿ ಕುಡಿದು ಹೆಣದಂತೆ ಮಲಗಿದವಳನ್ನು ಕಂಡ ತಂದೆ, ಸಾವೇ ನನಗೆ ಅಳಿಯನಾಯಿತೆಂದು ಗೋಳಾಡುತ್ತಾನೆ. ಮದುವೆಗೆಂದು ತಂದ ಹೂವು ಹೆಣಕ್ಕೆ ಮೀಸಲಾಗುತ್ತದೆ.

ಇಷ್ಟೆಲ್ಲ ಆದ ಮೇಲೆ ಗೋರಿಯೊಳಗೆ ಬರುವ ರೋಮಿಯೋ, ಅವಳ ತುಟಿ ಕೆನ್ನೆಗಳ ಕೆಂಪು ಇನ್ನೂ ಆರಿಲ್ಲವೆಂಬುದನ್ನು ಕಣ್ಣಾರೆ ಕಾಣುತ್ತಾನೆ, ಬಾಯಿಬಿಟ್ಟು ಹೇಳಿಯೂ ಹೇಳುತ್ತಾನೆ. ಅದು ಜೀವದ ಗುರುತು. ಆದರೆ ಸಾವೇ ವರನೆಂಬ ಮಾತು ಆ ವೇಳೆಗೆ ನಾಟಕವನ್ನೆಲ್ಲ ಹೊಕ್ಕಿರುವುದರಿಂದ, ಸಾವು ಇವಳನ್ನು ಮೋಹಿಸಿ ಈ ಕತ್ತಲಲ್ಲಿ ಬಚ್ಚಿಟ್ಟುಕೊಂಡಿದೆಯೆಂದು ಬಗೆದು, ಆ ಎದುರಾಳಿಗೆ ಅವಳನ್ನು ಬಿಟ್ಟುಕೊಡಲಾರದೆ ವಿಷ ಕುಡಿಯುತ್ತಾನೆ. ಅವಳು ಸತ್ತಿಲ್ಲ, ಔಷಧಿಯ ನಿದ್ದೆಯಿಂದ ಏಳುತ್ತಾಳೆಂದು ತಿಳಿಸುವ ಪಾದ್ರಿಯ ಪತ್ರ ಅವನ ಕೈಸೇರದೆ ಹೋದದ್ದು ಆಕಸ್ಮಿಕ ಎನ್ನಬಹುದು. ಕಣ್ಣೆದುರಿನ ಕೆಂಪನ್ನು ಅವನು ತಪ್ಪಾಗಿ ಓದಿಕೊಂಡದ್ದನ್ನು ನಾನು ಆಕಸ್ಮಿಕವೆನ್ನಲಾರೆ. ಪ್ರತಿಮೆಯೇ ಅವನ ಕಣ್ಣು ಕಟ್ಟಿತು. ಪರದೆಯ ಮೇಲಿನ ಗೂಬೆಗೆ ಈ ಶಕ್ತಿ ಎಲ್ಲಿಂದ ಬರಬೇಕು?

ನನ್ನ ಮೊದಲ ನಾಟಕದಲ್ಲಿ, ಮಗನ ಮದುವೆಗೆ ಬಿಳಿ ಪಂಚೆ ಕೊಳ್ಳುವ ತಂದೆ ಬಟ್ಟೆಯ ಉದ್ದವನ್ನು ಕುರಿತು ಆಡುವ ಒಂದು ಮಾತಿತ್ತು. ಕೊನೆಯಲ್ಲಿ ಅದೇ ಬಟ್ಟೆಯನ್ನು ಅವನು ಮಗನಿಗೆ ಹೊದಿಸುತ್ತಿದ್ದ. ನಿರ್ದೇಶಕರು ಆ ಮಾತನ್ನು ಅನಗತ್ಯವೆಂದು ಹೊಡೆದುಹಾಕಿದರು, ಸಾವಿನ ದೃಶ್ಯಕ್ಕೆ ಹೇಗೂ ಚಪ್ಪಾಳೆ ಬೀಳುತ್ತಿತ್ತಾದ್ದರಿಂದ ನಾನೂ ಒಪ್ಪಿದೆ. ವಿಮರ್ಶಕರೊಬ್ಬರು ನನ್ನ ಮಸಣದ ವರ್ಣನೆಗಳನ್ನು ಹೊಗಳಿ ಬರೆದರು. ಆ ಹೊಗಳಿಕೆಯನ್ನು ನಂಬಿ ಮುಂದಿನ ಮೂರು ನಾಟಕಗಳನ್ನು ಕೆಡಿಸಿಕೊಂಡೆ. ಆ ಸಾಲಿಗಾಗಿ ಹಟ ಹಿಡಿಯಲಿಲ್ಲವೆಂಬ ಸಂಕಟ ಇಂದಿಗೂ ಹೋಗಿಲ್ಲ.

ನಿನ್ನ ಎರಡನೆಯ ದೃಶ್ಯದಲ್ಲಿ ತಾಯಿ ಮಗಳ ಜಡೆಗೆ ಮಲ್ಲಿಗೆ ಮುಡಿಸುತ್ತ, ಮೊಳಕ್ಕೆ ಇಷ್ಟು ಕೇಳುತ್ತಾರೆಂದು ಗೊಣಗುತ್ತಾಳೆ. ನಾಟಕದಲ್ಲಿ ಜೀವವಿರುವ ಜಾಗ ಅದೊಂದೇ, ಅದನ್ನು ನೀನು ನಾಲ್ಕು ಸಾಲಿನಲ್ಲಿ ಮುಗಿಸಿ ಓಡಿರುವೆ! ಅಲ್ಲಿ ನಿಲ್ಲು. ಆ ತಾಯಿ ಹೂವಿನ ಬಗ್ಗೆ ಇನ್ನೇನು ಅಂದಾಳೆಂದು ಕಿವಿಗೊಟ್ಟು ಕೇಳಿ, ಆ ದೃಶ್ಯವೊಂದನ್ನೇ ಹೊಸದಾಗಿ ಬರೆದು ಕಳಿಸು. ಕೊನೆಯ ಐದು ಸಾವುಗಳಲ್ಲಿ ಯಾವುದು ಉಳಿಯಬೇಕೆಂಬುದನ್ನು ಆಮೇಲೆ ನೋಡೋಣ.

ಇತಿ,
ನಿನ್ನ ಅಣ್ಣ