ಆ ರಾತ್ರಿ ಬಾರದ ಫೋನ್

ಪುಟ್ಟಿ,

ಭಾನುವಾರ ಫೋನಿನಲ್ಲಿ ನೀನು ನಗುತ್ತಾ ಹೇಳಿದ ಒಂದು ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ. "ರೌಂಡ್ಸ್‌ನಲ್ಲಿ ಪಿಜಿ ಓದ್ತಿರೋ ಒಬ್ಬ ಡಾಕ್ಟರ್ ಹುಡುಗಿಗೆ ಎಲ್ಲರೆದುರು ಚೆನ್ನಾಗಿ ಚಳಿ ಬಿಡಿಸಿದೆ ಅಮ್ಮ, ಇನ್ನು ಜನ್ಮದಲ್ಲಿ ಪೊಟ್ಯಾಸಿಯಂ ನೋಡೋದು ಮರೆಯಲ್ಲ" ಅಂದೆ. ನಾನೂ ನಕ್ಕೆ. ಫೋನ್ ಇಟ್ಟ ಮೇಲೆ ಯಾಕೋ ಹೊಟ್ಟೆಯಲ್ಲಿ ಸಂಕಟವಾಯಿತು. ಆ ಧಾಟಿ ನನ್ನದು. ನೀನು ಕಲಿತದ್ದು ನನ್ನಿಂದಲೇ ಇರಬೇಕು.

ನೀನು ಪಾಠ ಹೇಳಲು ಶುರುಮಾಡಿ ಇನ್ನೂ ಮೂರು ತಿಂಗಳು. ನಾನು ಬಿಟ್ಟು ನಾಲ್ಕು ವರ್ಷ. ಇಷ್ಟು ದಿನ ನಿನಗೆ ಹೇಳದೇ ಉಳಿಸಿಕೊಂಡ ಒಂದು ಸಂಗತಿ ಇದೆ.

ನಾನು ಹೊಸದಾಗಿ ಸರ್ಜರಿ ಯೂನಿಟ್ ನೋಡಿಕೊಳ್ಳುತ್ತಿದ್ದ ಕಾಲ. ಕರುಳಿನ ಆಪರೇಷನ್ ಆದ ಒಬ್ಬ ರೋಗಿ. ನಾಲ್ಕನೇ ರಾತ್ರಿ ಹತ್ತಕ್ಕೆ ನಾಡಿ 96. ಒಂದು ಗಂಟೆಗೆ 110. ಬೆಳಗಿನ ಜಾವಕ್ಕೆ 128. ಮೂತ್ರದ ಚೀಲ ಹೆಚ್ಚುಕಡಿಮೆ ಖಾಲಿ. ಡ್ಯೂಟಿಯಲ್ಲಿದ್ದ ಹುಡುಗ ಇದನ್ನೆಲ್ಲ ಗಂಟೆ ಗಂಟೆಗೂ ಕೇಸ್ ಶೀಟಿನಲ್ಲಿ ದುಂಡಗೆ ಬರೆದಿಟ್ಟಿದ್ದ. ನನಗೆ ಮಾತ್ರ ಫೋನ್ ಮಾಡಿರಲಿಲ್ಲ. ಏಳು ಗಂಟೆಗೆ ಬಂದು ಕೈಯಿಟ್ಟರೆ ಹೊಟ್ಟೆ ಹಲಗೆಯ ಹಾಗೆ ಗಟ್ಟಿ. ಕರುಳಿನ ಹೊಲಿಗೆ ಬಿಟ್ಟುಕೊಂಡಿತ್ತು.

"ಯಾಕೆ ಕರೆಯಲಿಲ್ಲ?" ಎಂದು ಕೂಗಾಡಿದೆ. ಅವನು ನೆಲ ನೋಡುತ್ತಾ ಹೇಳಿದ: "ಹೋದ ವಾರ ಕರೆದಾಗ, ಇಷ್ಟಕ್ಕೆಲ್ಲ ಎಬ್ಬಿಸ್ತೀಯಾ, ನೀನು ಡಾಕ್ಟರ್ ಹೇಗಾದೆ ಅಂದಿರಿ ಮೇಡಂ."

ನನಗೆ ಅದು ನೆನಪೇ ಇರಲಿಲ್ಲ ಕಣೇ. ನಿದ್ದೆಗಣ್ಣಿನಲ್ಲಿ ಅಂದು, ಮಗ್ಗಲು ಬದಲಿಸಿ ಮಲಗಿದ್ದಿರಬೇಕು. ಅವನು ಮಾತ್ರ ಅಕ್ಷರ ಅಕ್ಷರ ನೆನಪಿಟ್ಟುಕೊಂಡಿದ್ದ. ರೋಗಿ ಬದುಕಿಕೊಂಡರು. ಆದರೆ ಇನ್ನೊಂದು ಆಪರೇಷನ್, ಮತ್ತೆ ವಾರಗಟ್ಟಲೆ ಐಸಿಯು. ಹುಡುಗ ತಪ್ಪು ಮಾಡಿದ, ನಿಜ. ಕರೆಯಲೇಬೇಕಿತ್ತು. ಆದರೆ ಕರೆಯುವ ದಾರಿಗೆ ಮುಳ್ಳು ಹಾಕಿದವಳು ನಾನು. ನಾಚಿಕೆಯ ವಿಷಯ ಏನಂದರೆ, ಆ ಬೆಳಗ್ಗೆಯೂ ಅವನಿಗೆ ಎಲ್ಲರೆದುರೇ ಬೈದೆ.

ಬಹಳ ವರ್ಷದ ಮೇಲೆ, 2015ರಲ್ಲಿ, ಪೀಡಿಯಾಟ್ರಿಕ್ಸ್ ಪತ್ರಿಕೆಯಲ್ಲಿ ಇಸ್ರೇಲಿನ ಒಂದು ಅಧ್ಯಯನ ಬಂತು. ನವಜಾತ ಶಿಶುಗಳ ಐಸಿಯುವಿನ 24 ತಂಡಗಳಿಗೆ, ಹದಗೆಡುತ್ತಿರುವ ಒಂದು ಮಗುವನ್ನು ನೋಡಿಕೊಳ್ಳುವ ಅಣಕು ಪರೀಕ್ಷೆ. ಕೆಲವು ತಂಡಗಳಿಗೆ ಹೊರಗಿನಿಂದ ಬಂದ ತಜ್ಞ ಒಂದೆರಡು ಕೊಂಕು ಮಾತು ಆಡಿದ. ಕಿರುಚಲಿಲ್ಲ, ಸುಮ್ನೆ ಹೀಯಾಳಿಸಿದ ಅಷ್ಟೇ. ಆ ತಂಡಗಳು ರೋಗ ಗುರುತಿಸುವುದರಲ್ಲೂ ಹಿಂದೆ ಬಿದ್ದವು, ಕೈಕೆಲಸದಲ್ಲೂ ಹಿಂದೆ ಬಿದ್ದವು. ಒಬ್ಬರಿಗೊಬ್ಬರು ವಿಷಯ ಹೇಳಿಕೊಂಡದ್ದು ಕಮ್ಮಿ, ಸಹಾಯ ಕೇಳಿದ್ದೂ ಕಮ್ಮಿ. ಓದುತ್ತಾ ನನಗೆ ಆ ಹುಡುಗನ ದುಂಡಗಿನ ಅಕ್ಷರ ಕಣ್ಣ ಮುಂದೆ ಬಂತು.

"ನಾವೂ ಹೀಗೇ ಬೈಸಿಕೊಂಡು ಕಲಿತಿಲ್ವಾ" ಅಂತೀಯ. ಗೊತ್ತು, ನಾನೂ ಅದನ್ನೇ ಅನ್ನುತ್ತಿದ್ದೆ. ಸರ್ಜರಿಯಲ್ಲಿ ರೆಸಿಡೆನ್ಸಿ ಪದ್ಧತಿ, ಅಂದರೆ ಆಸ್ಪತ್ರೆಯಲ್ಲೇ ಇದ್ದು ಕೆಲಸ ಮಾಡುತ್ತಾ ಕಲಿಯುವ ಪದ್ಧತಿ, ತಂದ ಅಮೆರಿಕದ ಸರ್ಜನ್ ಹಾಲ್‌ಸ್ಟೆಡ್ ದೊಡ್ಡವರು, ಇಲ್ಲ ಅನ್ನಲ್ಲ. ಆದರೆ ಅವರು ಕಟ್ಟಿದ್ದು ಪಿರಮಿಡ್. ಕೆಳಗೆ ಸೇರಿದವರು ಹಲವರು, ತುದಿ ಮುಟ್ಟುವವನು ಒಬ್ಬ. ಅಂಥ ಕಡೆ ಪಕ್ಕದವನು ಜಾರಿದರೆ ಖುಷಿಯಾಗುತ್ತದೆ, ತನ್ನ ತಪ್ಪನ್ನು ಮುಚ್ಚಿಡುವುದೇ ಜಾಣತನವಾಗುತ್ತದೆ. ಬೈಸಿಕೊಂಡಿದ್ದರಿಂದ ನಾವು ಕಲಿತೆವೋ, ಬೈಸಿಕೊಂಡರೂ ಕಲಿತೆವೋ, ನನಗಂತೂ ಎರಡನೆಯದೇ ನಿಜ ಅನಿಸುತ್ತದೆ.

ವೈದ್ಯರ ಜಿನೀವಾ ಪ್ರತಿಜ್ಞೆ ನೆನಪಿದೆಯಾ? 1948ರಲ್ಲಿ ಅದನ್ನು ಬರೆದಾಗ ಗೌರವ, ಕೃತಜ್ಞತೆ ಸಲ್ಲಬೇಕಾದದ್ದು ಗುರುಗಳಿಗೆ ಎಂದಷ್ಟೇ ಇತ್ತು. ಆ ಸಾಲಿಗೆ ವಿದ್ಯಾರ್ಥಿಗಳೂ ಸೇರಿದ್ದು 2017ರಲ್ಲಿ. ಒಂದು ಪದ ಸೇರಿಸಲು 69 ವರ್ಷ!

ಮೆತ್ತಗಿರು ಅಂತ ಹೇಳುತ್ತಿಲ್ಲ. ಪೊಟ್ಯಾಸಿಯಂ ಮರೆತರೆ ಹೇಳಲೇಬೇಕು. ಆದರೆ ಹಾಸಿಗೆಯಲ್ಲಿ ಮಲಗಿದವರ ಕಿವಿಗೆ ಬೀಳುವ ಹಾಗೆ ಬೇಡ. ಅವರಿಗೆ ಮಧ್ಯರಾತ್ರಿ ಸೂಜಿ ಚುಚ್ಚಬೇಕಾದವಳು ಅದೇ ಹುಡುಗಿ. ಹೊರಗೆ ಕರೆದು ಹೇಳು: "ಮೂತ್ರ ಹೋಗುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಪೊಟ್ಯಾಸಿಯಂ ಇಳಿಯಬಹುದು, ಹೃದಯದ ಬಡಿತ ಹದ ತಪ್ಪಬಹುದು. ಈಗಲೇ ರಕ್ತ ಕಳಿಸು, ರಿಪೋರ್ಟ್ ಬಂದ ತಕ್ಷಣ ನನಗೆ ಹೇಳು." ಇಷ್ಟರಲ್ಲಿ ಪಾಠವೂ ಆಯಿತು, ಕೆಲಸವೂ ಆಯಿತು. ಇಷ್ಟೆಲ್ಲ ಆದಮೇಲೂ ಕಲಿಯದವರಿದ್ದರೆ ಮೌಲ್ಯಮಾಪನದಲ್ಲಿ ಇದ್ದದ್ದು ಇದ್ದ ಹಾಗೆ ಬರೆ. ಅಯ್ಯೋ ಪಾಪ ಎಂದು ಪಾಸು ಮಾಡಿದರೆ ಅನುಭವಿಸುವವರು ರೋಗಿಗಳು.

ಇನ್ನೊಂದು. ನೀನು ಏನು ಕೇಳಿದರೂ ಪಿಜಿಗಳು "ಆಯ್ತು ಮೇಡಂ" ಅಂತಾರೆ. ಅದನ್ನು ಒಪ್ಪಿಗೆ ಅಂದುಕೊಳ್ಳಬೇಡ. ಥೀಸಿಸ್‌ಗೆ ನಿನ್ನ ಸಹಿ ಬೇಕಲ್ಲ. ಬ್ಯಾಂಕಿಗೆ ಹೋಗಿ ಬಾ, ಮಗುವನ್ನು ಶಾಲೆಯಿಂದ ಕರೆತಾ, ಇವೆಲ್ಲ ಬೇಡವೇ ಬೇಡ. ನಿನ್ನ ಜೊತೆಯವರಲ್ಲಿ ಯಾರಾದರೂ ಪಿಜಿಯ ಜೊತೆ ಪ್ರೀತಿ ಪ್ರೇಮ ಅಂತ ಹೊರಟರೂ ಇದೇ ಲೆಕ್ಕ. ಅಂಕ ಹಾಕುವವರಿಗೆ "ಬೇಡ" ಅನ್ನುವುದು ಎಷ್ಟು ಕಷ್ಟ ಯೋಚಿಸು. ಅವರ ಪೇಪರಿನಲ್ಲಿ ನಿನ್ನ ಹೆಸರು ಸೇರಿಸುವ ಮುಂಚೆಯೂ ಕೇಳಿಕೋ, ನಾನು ಇದರಲ್ಲಿ ಏನು ಮಾಡಿದೆ ಅಂತ. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ಸ್ಪಷ್ಟವಾಗಿ ಹೇಳಿದೆ, ಬರೀ ಮೇಲ್ವಿಚಾರಣೆ ಮಾಡಿದವರು ಲೇಖಕರಲ್ಲ. ನನ್ನ ಪಟ್ಟಿಯಲ್ಲೂ ಅಂಥ ಒಂದೆರಡು ಪೇಪರ್ ಇವೆ, ಬಿಡು.

ಆ ಕರುಳಿನ ಕೇಸ್ ಆದ ಮೇಲೆ ಡ್ಯೂಟಿ ರೂಮಿನ ಗೋಡೆಗೆ ಒಂದು ಹಾಳೆ ಅಂಟಿಸಿದೆ. ನಾಡಿ 110 ದಾಟಿದರೆ ಕರೆಯಿರಿ. ಮೂತ್ರ ಗಂಟೆಗೆ 30 ಎಂಎಲ್‌ಗಿಂತ ಇಳಿದರೆ ಕರೆಯಿರಿ. ಸುಮ್ನೆ ಭಯವಾದರೂ ಕರೆಯಿರಿ. ಮೂರನೇ ರಾತ್ರಿ ಎರಡು ಗಂಟೆಗೆ ಅದೇ ಹುಡುಗ ಫೋನ್ ಮಾಡಿದ. ನಾಡಿ 112, ಬೇರೇನಿಲ್ಲ. ಹೋಗಿ ನೋಡಿದೆ. ನೋವಿನ ಇಂಜೆಕ್ಷನ್ ಹೊತ್ತು ತಪ್ಪಿತ್ತು, ಅಷ್ಟೇ. "ಸಾರಿ ಮೇಡಂ, ಸುಮ್ನೆ ಎಬ್ಬಿಸಿಬಿಟ್ಟೆ" ಅಂದ. ಇಬ್ಬರೂ ಟೀ ಕುಡಿದೆವು. ನನ್ನ ಲೋಟ ಅವನೇ ತೊಳೆಯಲು ಹೋದ, ಕಿತ್ತುಕೊಂಡೆ.

ಅಂದಹಾಗೆ, ಭಾನುವಾರ ನೀನು ಆ ಹುಡುಗಿಯ ಹೆಸರನ್ನೇ ಹೇಳಲಿಲ್ಲ. ಮುಂದಿನ ಸಲ ಹೇಳು.

ನಿನ್ನ,
ಅಮ್ಮ