ಗೆಜ್ಜೆ ಪೂಜೆ ಎಂದರೆ ಅಜ್ಜಿ ಬೆಚ್ಚಿದ್ದೇಕೆ?

ಮಾನ್ಯ ಸಂಪಾದಕರೇ,

ಹೋದ ತಿಂಗಳು ನಮ್ಮ ಅಣ್ಣನ ಮಗಳ ಗೆಜ್ಜೆ ಪೂಜೆ ಇತ್ತು. ಭರತನಾಟ್ಯ ಕಲಿಯುವ ಮಕ್ಕಳು ಮೊದಲ ಸಲ ಗೆಜ್ಜೆ ಕಟ್ಟುವ ಶಾಸ್ತ್ರ, ಈಗ ಎಲ್ಲ ಕಡೆ ನಡೆಯುತ್ತದೆ ಅಲ್ವಾ. ಆಹ್ವಾನ ಪತ್ರಿಕೆ ಓದಿ ಹೇಳಿದ್ದೇ ತಡ, ಎಂಬತ್ತು ದಾಟಿದ ನಮ್ಮಜ್ಜಿ ನನ್ನ ಕೈ ಹಿಡಿದು "ಮೆಲ್ಲಗೆ ಹೇಳು, ಅಕ್ಕಪಕ್ಕದವರು ಏನಂದುಕೊಂಡಾರು" ಎಂದರು. ಮಕ್ಕಳು ನಕ್ಕರು. ನನಗೆ ನಗು ಬರಲಿಲ್ಲ.

ಅಜ್ಜಿ ಕೇಳಿ ಬೆಳೆದ ಗೆಜ್ಜೆ ಪೂಜೆಯೇ ಬೇರೆ. ಹೆಣ್ಣುಮಗುವನ್ನು ದೇವರ ಹೆಸರಿಗೆ ಬಿಟ್ಟು, ಮುಂದೆ ಮದುವೆಯೇ ಇಲ್ಲದ ದೇವದಾಸಿಯ ಬದುಕಿಗೆ ನೂಕುವ ಶಾಸ್ತ್ರ ಅದು. 1909ರಲ್ಲಿ ಮೈಸೂರು ಸರ್ಕಾರ ಮುಜರಾಯಿ ದೇವಸ್ಥಾನಗಳಲ್ಲಿ ಅದನ್ನು ನಿಲ್ಲಿಸಿತು. ಆದರೂ ಪದ್ಧತಿ ಪೂರ್ತಿ ಹೋಗಲಿಲ್ಲ, 1982ರಲ್ಲಿ ರಾಜ್ಯಕ್ಕೆ ಮತ್ತೊಂದು ಕಾಯ್ದೆಯೇ ಬೇಕಾಯಿತು. ಎಂ.ಕೆ. ಇಂದಿರಾ ಅವರ ಕಾದಂಬರಿಯಿಂದ ಪುಟ್ಟಣ್ಣ ಕಣಗಾಲ್ ಮಾಡಿದ 'ಗೆಜ್ಜೆ ಪೂಜೆ'ಯಲ್ಲಿ ಕಲ್ಪನಾ ಅವರ ಚಂದ್ರಾ ಕೇಳುವುದು ಏನು? ಎಲ್ಲರ ಹಾಗೆ ಒಂದು ಮದುವೆ, ಒಂದು ಮನೆ. ಹುಟ್ಟಿದ ಮನೆ ಅಂಥದ್ದು ಅನ್ನುವ ಒಂದೇ ಕಾರಣಕ್ಕೆ ಅದು ಸಿಗುವುದಿಲ್ಲ. ನಮ್ಮಮ್ಮ ಈಗಲೂ ಆ ಸಿನಿಮಾ ಪೂರ್ತಿ ನೋಡುವುದಿಲ್ಲ, ಕೊನೆ ಬರುವ ಮುಂಚೆ ಎದ್ದು ಅಡುಗೆಮನೆಗೆ ಹೋಗುತ್ತಾರೆ.

ಕುಣಿಯುವ ಹೆಂಗಸು ಮರ್ಯಾದಸ್ಥೆಯಲ್ಲ ಅನ್ನುವ ಭಾವನೆಯನ್ನು ಬೇರೆ ಸಿನಿಮಾಗಳೂ ಗಟ್ಟಿ ಮಾಡಿದವು. ನಾಯಕಿ ದೇವರ ಮುಂದೆ ಕುಣಿದರೆ ಸರಿ, ಕ್ಲಬ್ಬಿನಲ್ಲಿ ಕುಣಿಯಲು ಮಾತ್ರ ಬೇರೆ ಹೆಂಗಸು ಬೇಕು, ಅವಳು ಖಳನಾಯಕನ ಕಡೆಯವಳೇ ಆಗಿರಬೇಕು.

ನನಗೆ ಜಾಸ್ತಿ ನೋವಾಗಿದ್ದು ಕಾರ್ಯಕ್ರಮದ ದಿನ. ನಿರೂಪಕರು ಭರತಮುನಿಯಿಂದ ಶುರು ಮಾಡಿ, ಬೇಲೂರಿನ ಶಾಂತಲೆಯನ್ನು ಹೊಗಳಿ, ಅಲ್ಲಿಂದ ನೇರ ಇವತ್ತಿಗೆ ಬಂದುಬಿಟ್ಟರು. ನಡುವಿನ ಕಾಲದಲ್ಲಿ ಕುಣಿದ ಹೆಂಗಸರು ಎಲ್ಲಿ ಹೋದರು? ಜನ ಮುಖ ಮುರಿಯುತ್ತಿದ್ದ ಕಾಲದಲ್ಲೂ ಈ ವಿದ್ಯೆಯನ್ನು ಬಿಡದೆ ಕಾಪಾಡಿದವರು ಅವರೇ. ಮೈಸೂರಿನ ಜಟ್ಟಿ ತಾಯಮ್ಮ ಪೈಲ್ವಾನರ ಮಗಳು. ಅರಮನೆಯಲ್ಲಿ ಕುಣಿದವರು, ಅಭಿನಯದಲ್ಲಿ ಎತ್ತಿದ ಕೈ. ಅವರ ಶಿಷ್ಯೆ ಕೆ. ವೆಂಕಟಲಕ್ಷಮ್ಮ ಕಡೂರು ಕಡೆಯ ಲಂಬಾಣಿ ತಾಂಡಾದಲ್ಲಿ ಹುಟ್ಟಿದವರು. 1939ರಲ್ಲಿ ಆಸ್ಥಾನ ವಿದುಷಿಯಾದರು, ಮುಂದೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು. 1992ರಲ್ಲಿ ಪದ್ಮಭೂಷಣವೂ ಬಂತು. ಮೈಸೂರಿನಲ್ಲೇ ನಡೆದ ಕಾರ್ಯಕ್ರಮದಲ್ಲಿ ಇವರಿಬ್ಬರ ಹೆಸರು ಒಂದು ಸಲವೂ ಬರಲಿಲ್ಲ ಎಂದರೆ ಹೇಗೆ?

ಅನಿಷ್ಟ ಪದ್ಧತಿ ಹೋಗಲೇಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪದ್ಧತಿಯ ಜೊತೆ ಆ ಹೆಂಗಸರನ್ನೂ ಗುಡಿಸಿ ಹಾಕಿ, ಅವರ ಕುಣಿತವನ್ನು ಮಾತ್ರ ತೊಳೆದು ನಮ್ಮ ಮನೆಗೆ ತಂದುಕೊಂಡೆವು. ಇದು ನ್ಯಾಯವಲ್ಲ.

ರಾತ್ರಿ ಗೆಜ್ಜೆ ಬಿಚ್ಚುವಾಗ ಹುಡುಗಿಗೆ ಇದನ್ನೆಲ್ಲ ಹೇಳಿದೆ. ಕಾಲಿನ ಮೇಲೆ ಕೆಂಪಗೆ ಅಚ್ಚು ಬಿದ್ದಿತ್ತು, ಅದನ್ನು ಉಜ್ಜುತ್ತಾ ಸುಮ್ನೆ ಕೇಳಿದಳು. ಆಮೇಲೆ "ಇದನ್ನ ಕ್ಲಾಸಲ್ಲಿ ಯಾಕೆ ಹೇಳಲ್ಲ?" ಎಂದಳು. ನಾಟ್ಯ ಗುರುಗಳಲ್ಲಿ ನನ್ನ ವಿನಂತಿ ಇಷ್ಟೇ, ದಯವಿಟ್ಟು ಹೇಳಿಕೊಡಿ. ಅವಳ ರಂಗಪ್ರವೇಶದ ಪತ್ರಿಕೆಯಲ್ಲಿ ತಾಯಮ್ಮ, ವೆಂಕಟಲಕ್ಷಮ್ಮ ಇಬ್ಬರ ಹೆಸರೂ ಇರಬೇಕು ಎಂದು ಅಣ್ಣನಿಗೆ ಈಗಲೇ ಹೇಳಿಟ್ಟಿದ್ದೇನೆ.

ಇಂತಿ,
ಒಬ್ಬ ಓದುಗ, ಮೈಸೂರು