ಟ್ಯೂಬ್ ಪ್ರಿಆಂಪ್: 20 ಹರ್ಟ್ಸ್‌ನ ಅಂಕಿಯನ್ನೂ ಪ್ರಕಟಿಸಿ

ಮಾನ್ಯ ಸಂಪಾದಕರಿಗೆ,

ಟ್ಯೂಬ್ ಪ್ರಿಆಂಪ್ಲಿಫೈಯರ್ (ಸಂಕೇತವನ್ನು ಮೊದಲು ಹದಗೊಳಿಸುವ, ನಿರ್ವಾತ ನಳಿಗೆಯ ಪೆಟ್ಟಿಗೆ) ಒಂದನ್ನು ಟ್ರಾನ್ಸಿಸ್ಟರ್ ಪವರ್ ಆಂಪ್ಲಿಫೈಯರಿಗೆ (ಸ್ಪೀಕರನ್ನು ನಡೆಸುವ ಪೆಟ್ಟಿಗೆಗೆ) ಜೋಡಿಸಿ ಸಂಗೀತ ಕೇಳುವ ಬಗ್ಗೆ ನಿಮ್ಮ ಪುರವಣಿಯಲ್ಲಿ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಈ ಜೋಡಣೆ ಒಳ್ಳೆಯದೆಂಬ ಲೇಖಕರ ಅಭಿಪ್ರಾಯಕ್ಕೆ ನನ್ನ ತಕರಾರಿಲ್ಲ. ಆದರೆ ಯಾವ ಪ್ರಿಆಂಪನ್ನು ಯಾವ ಪವರ್ ಆಂಪಿಗೆ ಬೇಕಾದರೂ ಜೋಡಿಸಬಹುದು, ಉಳಿದದ್ದೆಲ್ಲ ಕೇಳುವವರ ಅಭಿರುಚಿಗೆ ಬಿಟ್ಟದ್ದು ಎಂಬ ಅರ್ಥ ಬರುವಂತೆ ಅವರು ಬರೆದಿರುವುದು ಓದುಗರ ದಾರಿ ತಪ್ಪಿಸುವಂತಿದೆ. ಜೋಡಿ ಹೊಂದುತ್ತದೆಯೋ ಇಲ್ಲವೋ ಎಂಬುದನ್ನು ಬಹುಮಟ್ಟಿಗೆ ಕೊಳ್ಳುವ ಮೊದಲೇ, ಕೈಪಿಡಿಯಲ್ಲಿರುವ ಕೆಲವು ಅಂಕಿಗಳಿಂದ ತಿಳಿಯಬಹುದು. ಅವುಗಳಲ್ಲಿ ಅತಿ ಮುಖ್ಯವಾದ ಒಂದು ಅಂಕಿಯನ್ನು ತಯಾರಕರು ಮುದ್ರಿಸುವುದೇ ಅಪರೂಪ. ಪ್ರಿಆಂಪಿನ ಔಟ್‌ಪುಟ್ ಇಂಪೆಡೆನ್ಸ್, ಅಂದರೆ ಹೊರಹೋಗುವ ಸಂಕೇತಕ್ಕೆ ಅದರೊಳಗೇ ಇರುವ ತಡೆ, 20 ಹರ್ಟ್ಸ್‌ನ ಅತಿ ಮಂದ್ರ ಸ್ವರದಲ್ಲಿ ಎಷ್ಟು ಎಂಬುದೇ ಅದು. ಈ ಪತ್ರ ಮುಖ್ಯವಾಗಿ ಆ ಅಂಕಿಯ ಕುರಿತದ್ದು.

ಮೊದಲಿಗೆ, ಈ ಜೋಡಣೆಗೆ ಅರ್ಥವಿರುವುದು ಯಾಕೆಂದು ಹೇಳಬೇಕು. ನಿರ್ವಾತ ನಳಿಗೆಗೆ ವೋಲ್ಟೇಜನ್ನು ಹೆಚ್ಚಿಸುವುದು ಸಲೀಸು, ಹೆಚ್ಚು ಕರೆಂಟ್ ಒದಗಿಸುವುದು ಕಷ್ಟ. 4 ಅಥವಾ 8 ಓಮ್‌ನ ಸ್ಪೀಕರಿಗೆ ಬೇಕಾದದ್ದು ಕರೆಂಟ್. ಆದ್ದರಿಂದಲೇ ಟ್ಯೂಬ್ ಪವರ್ ಆಂಪಿನಲ್ಲಿ ಭಾರವಾದ ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನು ನಡುವೆ ಇಡಬೇಕಾಗುತ್ತದೆ. ಟ್ರಾನ್ಸಿಸ್ಟರ್ ಆಂಪ್ ಅದೇ ಕೆಲಸವನ್ನು ಟ್ರಾನ್ಸ್‌ಫಾರ್ಮರಿನ ಹಂಗಿಲ್ಲದೆ ಮಾಡುತ್ತದೆ, ಸ್ಪೀಕರಿನ ಕೋನ್ ಅನ್ನು ಹಿಡಿತದಲ್ಲಿಯೂ ಇಡುತ್ತದೆ. ಪ್ರಿಆಂಪ್ ಸ್ಪೀಕರನ್ನು ನಡೆಸಬೇಕಿಲ್ಲವಾದ್ದರಿಂದ ಅಲ್ಲಿ ಟ್ಯೂಬ್ ಇರುವುದಕ್ಕೆ ಅಡ್ಡಿಯಿಲ್ಲ, ಮತ್ತು ಅಲ್ಲಿ ಬಳಸುವ ಸಣ್ಣ ಟ್ಯೂಬುಗಳು ಪವರ್ ಟ್ಯೂಬುಗಳಿಗಿಂತ ಸಾಮಾನ್ಯವಾಗಿ ಬಹುಕಾಲ ಬಾಳುತ್ತವೆ.

ತೊಡಕು ಹುಟ್ಟುವುದು ಇವೆರಡೂ ಸಂಧಿಸುವಲ್ಲಿ. ಟ್ಯೂಬ್ ಪವರ್ ಆಂಪುಗಳ ಇನ್‌ಪುಟ್ ಇಂಪೆಡೆನ್ಸ್ (ಒಳಬರುವ ಸಂಕೇತಕ್ಕೆ ಅವು ಒಡ್ಡುವ ತಡೆ) ಸಾಮಾನ್ಯವಾಗಿ 100 ಕಿಲೋಓಮ್ ಅಥವಾ ಅದಕ್ಕಿಂತ ಹೆಚ್ಚು. ಟ್ರಾನ್ಸಿಸ್ಟರ್ ಆಂಪುಗಳಲ್ಲಿ ಅದು 47, 20, ಕೆಲವೊಮ್ಮೆ 10 ಕಿಲೋಓಮ್‌ಗೂ ಇಳಿದಿರುತ್ತದೆ. ಪ್ರಿಆಂಪಿನ ಔಟ್‌ಪುಟ್ ಇಂಪೆಡೆನ್ಸಿಗಿಂತ ಪವರ್ ಆಂಪಿನ ಇನ್‌ಪುಟ್ ಇಂಪೆಡೆನ್ಸ್ ಕನಿಷ್ಠ 10 ಪಟ್ಟು ಇರಬೇಕೆಂಬುದು ಈ ಕೆಲಸ ಬಲ್ಲವರು ಪಾಲಿಸುವ ಸೂತ್ರ. 12ಎಎಕ್ಸ್7 ಎಂಬ ಬಹು ಬಳಕೆಯ ಟ್ಯೂಬಿನ ಪ್ಲೇಟಿನಿಂದಲೇ (ಅದರೊಳಗಿನ ಧನ ವಿದ್ಯುದಗ್ರದಿಂದಲೇ) ಸಂಕೇತವನ್ನು ಹೊರಗೆ ತೆಗೆದರೆ ಔಟ್‌ಪುಟ್ ಇಂಪೆಡೆನ್ಸ್ ಸುಮಾರು 40 ಕಿಲೋಓಮ್ ಆಗಬಹುದು. ಅದನ್ನು 10 ಕಿಲೋಓಮ್‌ನ ಪವರ್ ಆಂಪಿಗೆ ಕೊಟ್ಟರೆ ಸಂಕೇತದ ಐದನೆಯ ಒಂದು ಭಾಗ ಮಾತ್ರ ಉಳಿಯುತ್ತದೆ, ಜೊತೆಗೆ ಟ್ಯೂಬಿನ ಮೇಲೆ ಹೊರೆ ಬಿದ್ದು ವಿರೂಪವೂ ಏರುತ್ತದೆ. ಕ್ಯಾಥೋಡ್ ಫಾಲೋವರ್ ಎಂಬ ಹಂತವನ್ನು ಕೊನೆಯಲ್ಲಿ ಸೇರಿಸಿದ ಪ್ರಿಆಂಪುಗಳಲ್ಲಿ ಈ ಅಂಕಿ ಕೆಲವು ನೂರು ಓಮ್‌ಗೆ ಇಳಿಯುತ್ತದೆ. ತಯಾರಕರು ಹೆಮ್ಮೆಯಿಂದ ಮುದ್ರಿಸುವುದು ಇದನ್ನೇ: ‘ಔಟ್‌ಪುಟ್ ಇಂಪೆಡೆನ್ಸ್ 600 ಓಮ್.’

ಓದಿದವರು ಇಷ್ಟಕ್ಕೆ ನಿಶ್ಚಿಂತರಾಗುತ್ತಾರೆ. ಆದರೆ ಆ 600 ಓಮ್ ಸಾಮಾನ್ಯವಾಗಿ 1,000 ಹರ್ಟ್ಸ್‌ನಲ್ಲಿ ಅಳೆದದ್ದು. ಟ್ಯೂಬಿನ ಮೇಲಿರುವ ಡಿಸಿ (ಏಕಮುಖ) ವೋಲ್ಟೇಜ್ ಹೊರಗೆ ಹೋಗದಂತೆ ತಡೆಯಲು ಔಟ್‌ಪುಟ್ ದಾರಿಯಲ್ಲಿ ಒಂದು ಕೆಪಾಸಿಟರ್ ಇರುತ್ತದೆ, ಮತ್ತು ಸ್ವರ ಕೆಳಗಿಳಿದಂತೆ ಆ ಕೆಪಾಸಿಟರ್ ಒಡ್ಡುವ ತಡೆ ಹೆಚ್ಚುತ್ತ ಹೋಗುತ್ತದೆ. 0.47 ಮೈಕ್ರೋಫ್ಯಾರಡ್‌ನ ಕೆಪಾಸಿಟರನ್ನೇ ತೆಗೆದುಕೊಳ್ಳಿ: 1,000 ಹರ್ಟ್ಸ್‌ನಲ್ಲಿ ಅದರ ತಡೆ ಸುಮಾರು 340 ಓಮ್, 20 ಹರ್ಟ್ಸ್‌ನಲ್ಲಿ ಸುಮಾರು 17,000 ಓಮ್. ಮುಂದಿರುವುದು 100 ಕಿಲೋಓಮ್‌ನ ಟ್ಯೂಬ್ ಪವರ್ ಆಂಪ್ ಆಗಿದ್ದರೆ ಇದು ಯಾರ ಗಮನಕ್ಕೂ ಬಾರದು. ಮಂದ್ರ ಸ್ವರಗಳು ಕ್ಷೀಣಿಸತೊಡಗುವ ಅಂಚು 3.4 ಹರ್ಟ್ಸ್‌ನ ಆಸುಪಾಸಿನಲ್ಲಿರುತ್ತದೆ. ಅದೇ ಪ್ರಿಆಂಪನ್ನು 10 ಕಿಲೋಓಮ್‌ನ ಟ್ರಾನ್ಸಿಸ್ಟರ್ ಆಂಪಿಗೆ ಜೋಡಿಸಿದ ಕೂಡಲೇ ಆ ಅಂಚು 30 ಹರ್ಟ್ಸ್‌ನ ಮೇಲಕ್ಕೆ ಏರುತ್ತದೆ, 20 ಹರ್ಟ್ಸ್‌ನಲ್ಲಿ ವೋಲ್ಟೇಜ್ ಸುಮಾರು ಅರ್ಧಕ್ಕೆ ಕುಸಿಯುತ್ತದೆ, ಮತ್ತು ಬಾಸ್ ಗಿಟಾರಿನ ಅತಿ ಕೆಳಗಿನ ತಂತಿಯ 41 ಹರ್ಟ್ಸ್ ಕೂಡ ನಡುಸ್ಥಾಯಿಗೆ ಹೋಲಿಸಿದರೆ ಎರಡು ಡೆಸಿಬೆಲ್‌ನಷ್ಟು ಸೊರಗುತ್ತದೆ. ಕೇಳಿದವರು ‘ಟ್ಯೂಬಿನ ಧ್ವನಿ ಮೃದು, ಆದರೆ ಬಾಸ್ ತೆಳು’ ಎಂದು ತೀರ್ಪು ಕೊಡುತ್ತಾರೆ. ತಪ್ಪು ಟ್ಯೂಬಿನದಲ್ಲ, ಆ ಜೋಡಿಗೆ ಹೊಂದದ ಕೆಪಾಸಿಟರಿನದು.

ಇನ್ನೂ ಒಂದು ಸೂಕ್ಷ್ಮವಿದೆ. ಪ್ರಿಆಂಪಿನ ಒಂದೇ ಔಟ್‌ಪುಟ್ಟಿನಿಂದ ಪವರ್ ಆಂಪಿಗೂ ಸಬ್‌ವೂಫರಿಗೂ ಸಂಕೇತ ಕೊಟ್ಟರೆ ಎರಡರ ಇನ್‌ಪುಟ್ ಇಂಪೆಡೆನ್ಸ್ ಸಮಾಂತರವಾಗಿ ಸೇರುತ್ತದೆ. ತಲಾ 20 ಕಿಲೋಓಮ್ ಇದ್ದರೆ ಪ್ರಿಆಂಪಿಗೆ ಕಾಣುವುದು 10 ಮಾತ್ರ. ಬಾಸ್ ಹೆಚ್ಚಿಸಲೆಂದು ತಂದ ಸಬ್‌ವೂಫರ್ ಮುಖ್ಯ ಸ್ಪೀಕರುಗಳ ಬಾಸನ್ನು ಕಡಿಮೆ ಮಾಡುವ ವಿಚಿತ್ರ ಹೀಗೆ ಸಂಭವಿಸುತ್ತದೆ.

ಕೆಪಾಸಿಟರನ್ನು 4.7 ಮೈಕ್ರೋಫ್ಯಾರಡ್‌ಗೆ ಏರಿಸಿದರೆ ಅಂಚು ಮತ್ತೆ 3.4 ಹರ್ಟ್ಸ್‌ನ ಹತ್ತಿರಕ್ಕೆ ಇಳಿಯುತ್ತದೆ ಎಂಬುದು ನಿಜ. ಆದರೆ ಪ್ರಿಆಂಪಿನೊಳಗೆ 200ರಿಂದ 300 ವೋಲ್ಟ್ ಡಿಸಿ ಇರುವುದು ಸಾಮಾನ್ಯ. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರುಗಳಲ್ಲಿ ಅಪಾಯಕಾರಿ ವೋಲ್ಟೇಜ್ ಉಳಿದಿರಬಹುದು. ಆದ್ದರಿಂದ ಇದು ಅನುಭವಿ ತಂತ್ರಜ್ಞರ ಕೆಲಸ. ದೊಡ್ಡ ಕೆಪಾಸಿಟರ್ ತುಂಬಿಕೊಳ್ಳಲು ಹೆಚ್ಚು ಹೊತ್ತು ಬೇಕು, ಅದರಿಂದಾಗಿ ಸ್ವಿಚ್ ಹಾಕಿದಾಗ ಹೊರಗೆ ಹಾಯುವ ವೋಲ್ಟೇಜಿನ ಹೊಡೆತವೂ ದೀರ್ಘವಾಗುತ್ತದೆ.

ಈ ಹೊಡೆತದ ಬಗ್ಗೆ ಲೇಖನದಲ್ಲಿ ಒಂದು ಮಾತೂ ಇಲ್ಲದಿರುವುದು ನನಗೆ ಅಚ್ಚರಿ ತಂದಿತು. ಟ್ಯೂಬುಗಳು ಬಿಸಿಯಾಗಿ ಒಳಗಿನ ವೋಲ್ಟೇಜ್ ನೆಲೆಗೊಳ್ಳುವವರೆಗೆ, ಮ್ಯೂಟ್ ರಿಲೇ (ಔಟ್‌ಪುಟ್ಟನ್ನು ಅಷ್ಟು ಹೊತ್ತು ತಡೆದಿಡುವ ಸ್ವಿಚ್) ಇಲ್ಲದ ಪ್ರಿಆಂಪಿನ ಔಟ್‌ಪುಟ್ಟಿನಲ್ಲಿ ಹಲವು ವೋಲ್ಟ್‌ಗಳ ಏರಿಳಿತ ಕಾಣಿಸಿಕೊಳ್ಳಬಹುದು. ಟ್ಯೂಬ್ ಪವರ್ ಆಂಪ್ ಆ ಹೊತ್ತಿಗೆ ತಾನೂ ಬಿಸಿಯಾಗುತ್ತಿರುತ್ತದೆ, ಅದರ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಡಿಸಿಯನ್ನು ಸ್ಪೀಕರಿಗೆ ದಾಟಿಸುವುದಿಲ್ಲ. ಟ್ರಾನ್ಸಿಸ್ಟರ್ ಆಂಪ್ ಸ್ವಿಚ್ ಹಾಕಿದ ಕೆಲವೇ ಕ್ಷಣಗಳಲ್ಲಿ ಸಿದ್ಧವಾಗಿ, ಬಂದದ್ದನ್ನೆಲ್ಲ ಸುಮಾರು 20 ಪಟ್ಟು ಹಿಗ್ಗಿಸಿ ಸ್ಪೀಕರಿಗೆ ಕಳುಹಿಸುತ್ತದೆ. ಹಾಗಾಗಿ ಮೊದಲು ಪ್ರಿಆಂಪಿನ ಸ್ವಿಚ್ ಹಾಕಿ, ಒಂದೆರಡು ನಿಮಿಷ ಬಿಟ್ಟು ಪವರ್ ಆಂಪಿನದನ್ನು ಹಾಕಬೇಕು. ನಿಲ್ಲಿಸುವಾಗ ಪವರ್ ಆಂಪನ್ನು ಮೊದಲು ಆರಿಸಿ, ಅದರೊಳಗಿನ ಚಾರ್ಜ್ ಇಳಿದು ಅದು ಪೂರ್ತಿ ಸದ್ದಡಗಿದ ಮೇಲೆ ಪ್ರಿಆಂಪನ್ನು ಆರಿಸಬೇಕು. ಹಳೆಯ ಪ್ರಿಆಂಪಾದರೆ ಔಟ್‌ಪುಟ್ ಕೆಪಾಸಿಟರ್ ಡಿಸಿಯನ್ನು ಸೋರಿಸುತ್ತಿಲ್ಲವೆಂದು ಮೀಟರಿನಿಂದ ಖಚಿತಪಡಿಸಿಕೊಳ್ಳುವುದೂ ಅಗತ್ಯ, ಏಕೆಂದರೆ ಕೆಲವು ಟ್ರಾನ್ಸಿಸ್ಟರ್ ಆಂಪುಗಳ ಇನ್‌ಪುಟ್ಟಿನಲ್ಲಿ ಡಿಸಿಯನ್ನು ತಡೆಯುವ ಕೆಪಾಸಿಟರೇ ಇರುವುದಿಲ್ಲ.

ಗೇನ್, ಅಂದರೆ ಸಂಕೇತವನ್ನು ಎಷ್ಟು ಹಿಗ್ಗಿಸುತ್ತದೆ ಎಂಬ ವಿಷಯವನ್ನು ಚಿಕ್ಕದಾಗಿ ಮುಗಿಸುತ್ತೇನೆ. ಸಿಡಿ ಪ್ಲೇಯರುಗಳ ಔಟ್‌ಪುಟ್ ಸುಮಾರು 2 ವೋಲ್ಟ್. 26 ಡೆಸಿಬೆಲ್ ಗೇನ್ ಇರುವ ಪವರ್ ಆಂಪ್ 8 ಓಮ್‌ಗೆ 100 ವಾಟ್ ಕೊಡಲು 1.4 ವೋಲ್ಟ್ ಸಾಕು. ನಡುವೆ ಮತ್ತೆ 20 ಡೆಸಿಬೆಲ್ ಸೇರಿಸುವ ಪ್ರಿಆಂಪ್ ಇಟ್ಟರೆ ವಾಲ್ಯೂಮ್ ಗುಂಡಿಯನ್ನು ಸ್ವಲ್ಪ ತಿರುಗಿಸಿದರೂ ಅಬ್ಬರ, ಸಂಗೀತ ನಿಲ್ಲಿಸಿದರೆ ಟ್ಯೂಬಿನ ಸುಯ್‌ಗುಟ್ಟುವಿಕೆ. ಅಲ್ಪ ಸಂಕೇತಕ್ಕೂ ಜೋರಾಗಿ ನುಡಿಯುವ ಹಾರ್ನ್ ಸ್ಪೀಕರುಗಳಲ್ಲಿ ಇದು ಇನ್ನೂ ಎದ್ದು ಕೇಳುತ್ತದೆ.

‘ಟ್ಯೂಬಿನ ಬೆಚ್ಚನೆಯ ಧ್ವನಿ’ ಎಂಬ ಲೇಖಕರ ಮಾತಿನ ಬಗ್ಗೆಯೂ ಒಂದು ಆಕ್ಷೇಪವಿದೆ. ಹಾಗೆ ಕರೆಯಲಾಗುವ ಗುಣದ ದೊಡ್ಡ ಪಾಲು ಟ್ಯೂಬ್ ಪವರ್ ಆಂಪಿನ ಹೆಚ್ಚಿನ ಔಟ್‌ಪುಟ್ ಇಂಪೆಡೆನ್ಸ್ ಸ್ಪೀಕರಿನ ಏರಿಳಿಯುವ ಇಂಪೆಡೆನ್ಸಿನೊಂದಿಗೆ ಸೇರಿ ಹುಟ್ಟುವಂಥದು. ಪ್ರಿಆಂಪ್ ಮಾತ್ರ ಟ್ಯೂಬಿನದಾದಾಗ ಆ ಪಾಲು ಸಿಗುವುದಿಲ್ಲ. ಚೆನ್ನಾಗಿ ವಿನ್ಯಾಸಗೊಂಡ ಪ್ರಿಆಂಪ್ ಸೇರಿಸುವ ಎರಡನೆಯ ಹಾರ್ಮೋನಿಕ್ (ಮೂಲ ಸ್ವರದ ಎರಡರಷ್ಟು ಆವರ್ತನದ ಹೆಚ್ಚುವರಿ ಸ್ವರ) ಬಹಳ ಅಲ್ಪ. ಕೆಲವು ಅಗ್ಗದ ಪೆಟ್ಟಿಗೆಗಳಲ್ಲಂತೂ ಟ್ಯೂಬಿಗೆ ಕೆಲವೇ ಹತ್ತು ವೋಲ್ಟ್ ಕೊಟ್ಟು, ಕೆಳಗೊಂದು ಎಲ್‌ಇಡಿ ಹಚ್ಚಿ, ನಿಜವಾದ ಕೆಲಸವನ್ನು ಐಸಿ ಚಿಪ್ಪಿನಿಂದ ಮಾಡಿಸಿರುತ್ತಾರೆ. ಆ ಕಿತ್ತಳೆ ಬೆಳಕಿಗೂ ಧ್ವನಿಗೂ ಸಂಬಂಧವಿಲ್ಲ.

ನಿಮ್ಮ ಪತ್ರಿಕೆ ಮುಂದೆ ಟ್ಯೂಬ್ ಪ್ರಿಆಂಪುಗಳ ವಿಮರ್ಶೆ ಪ್ರಕಟಿಸುವಾಗ ಔಟ್‌ಪುಟ್ ಇಂಪೆಡೆನ್ಸನ್ನು 1,000 ಹರ್ಟ್ಸ್‌ನ ಜೊತೆಗೆ 20 ಹರ್ಟ್ಸ್‌ನಲ್ಲಿಯೂ ಅಳೆದು ಕೊಡಬೇಕೆಂದು ವಿನಂತಿಸುತ್ತೇನೆ. ಅಳೆಯುವ ಸೌಲಭ್ಯವಿಲ್ಲದಿದ್ದರೆ ಔಟ್‌ಪುಟ್ ಕೆಪಾಸಿಟರ್ ಎಷ್ಟು ಮೈಕ್ರೋಫ್ಯಾರಡ್‌ನದು ಎಂದು ತಯಾರಕರನ್ನು ಕೇಳಿ ಅದನ್ನಾದರೂ ಮುದ್ರಿಸಿ. ಉಳಿದ ಲೆಕ್ಕವನ್ನು ಓದುಗರೇ ಮಾಡಿಕೊಳ್ಳಬಲ್ಲರು. ಸ್ವಿಚ್ ಹಾಕುವ ಮತ್ತು ಆರಿಸುವ ಕ್ರಮವನ್ನು ಮಾತ್ರ ಮುಂದಿನ ಸಂಚಿಕೆಯಲ್ಲಿಯೇ ತಿಳಿಸುವುದು ಒಳ್ಳೆಯದು. ಲೇಖನ ಓದಿ ಈಗಾಗಲೇ ಜೋಡಣೆ ಮಾಡಿಕೊಂಡವರು ಇರಬಹುದು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಹವ್ಯಾಸಿ ಓದುಗ